ಒಂದೇ ಗಾಳಿ, ಮೂರು ಥರದ ಚಳಿ: ಜಪಾನ್ ಸುತ್ತಾಟ, ತೈವಾನ್‌ನಲ್ಲಿ ತಂಗಿ ಮನೆ

ಡಿಸೆಂಬರ್ ಬಂತು ಅಂದ್ರೆ ನಮ್ಮ ಐಟಿ ಜನಕ್ಕೆ ಒಂದು ಲೆಕ್ಕಾಚಾರ ಶುರುವಾಗುತ್ತೆ. ಪ್ರಾಜೆಕ್ಟ್‌ನಲ್ಲಿ ರಿಲೀಸ್ ಫ್ರೀಜ್, ಕ್ಲೈಂಟ್ ಕಡೆಯವರೆಲ್ಲ ರಜೆ ಮೇಲೆ, ಉಳಿದ ಲೀವ್ ತಗೊಳ್ಳದೇ ಇದ್ರೆ ಲ್ಯಾಪ್ಸ್. ಪುಣೆ, ಹೈದರಾಬಾದ್, ಚೆನ್ನೈ, ಗುರುಗ್ರಾಮ ಎಲ್ಲಿದ್ರೂ ಕಥೆ ಒಂದೇ. ಹಾಗಾಗಿ ಈ ತಿಂಗಳಲ್ಲಿ ನನಗೆ ಬರೋ ಪ್ರಶ್ನೆನೂ ಒಂದೇ: "ಚಳಿಗಾಲದಲ್ಲಿ ಜಪಾನ್‌ಗೆ ಹೋಗಬಹುದಾ? ವಯಸ್ಸಾದವರು ಜೊತೆಗಿದ್ದಾರೆ, ಚಿಕ್ಕ ಮಗು ಇದೆ, ಚಳಿ ತಡ್ಕೋತಾರಾ?"

ಹೋದ ವರ್ಷಾಂತ್ಯಕ್ಕೆ ನಾವು ಹೋಗಿದ್ದು ನಾಲ್ಕು ಜನ. ನಾನು, ನಮ್ಮನೆಯವರು, ಒಂಬತ್ತು ವರ್ಷದ ಮಗ, ಎಪ್ಪತ್ತು ದಾಟಿದ ನಮ್ಮಪ್ಪ. ಅಪ್ಪನಿಗೆ ಬಿಪಿ ಇದೆ. ಜಪಾನ್ ನೋಡೋದು ನಮ್ಮ ಆಸೆ. ಅಪ್ಪನಿಗೆ ಬೇಕಿದ್ದದ್ದು ಬೇರೆ. ನನ್ನ ತಂಗಿ, ಅವಳ ಗಂಡ ಇಬ್ಬರೂ ತೈವಾನ್‌ನ ಶಿನ್‌ಚು ಊರಲ್ಲಿ ಚಿಪ್ ಕಂಪನಿ ಇಂಜಿನಿಯರುಗಳು. ನವೆಂಬರ್ ಮಧ್ಯದಲ್ಲಿ ಅವಳಿಗೆ ಹೆರಿಗೆ ಆಗಿತ್ತು, ಬಾಣಂತನಕ್ಕೆ ಅಮ್ಮ ಮುಂಚೆನೇ ಅಲ್ಲಿಗೆ ಹೋಗಿದ್ರು. "ನಾವು ಮೊಮ್ಮಗೂನ ನೋಡೋಕೆ ಹೋಗ್ತಿದ್ದೀವೋ, ಹಿಮ ನೋಡೋಕೆ ಹೋಗ್ತಿದ್ದೀವೋ?" ಅಂತ ಅಪ್ಪ ಟಿಕೆಟ್ ಬುಕ್ ಮಾಡೋ ದಿನವೇ ಕೇಳಿದ್ರು.

ಎರಡೂ ಆಗಬೇಕು, ಯಾರೂ ಹುಷಾರು ತಪ್ಪಬಾರದು. ಇದಕ್ಕೆ ನಮಗೆ ಸಹಾಯಕ್ಕೆ ಬಂದದ್ದು ಆ ಕಡೆಯ ಗಾಳಿಯ ಬಗ್ಗೆ ಸ್ವಲ್ಪ ತಿಳುವಳಿಕೆ. "ನೋಡಲೇಬೇಕಾದ ಹತ್ತು ಜಾಗ" ಅನ್ನೋ ಪಟ್ಟಿಗಳಿಂದ ಅಷ್ಟು ಉಪಯೋಗ ಆಗಲಿಲ್ಲ. ಇವತ್ತು ಆ ಗಾಳಿ ಹೇಗೆ ಕೆಲಸ ಮಾಡುತ್ತೆ ಅಂತ ಹೇಳ್ತೀನಿ. ಅದು ಅರ್ಥ ಆದರೆ ಯಾವ ಊರಿಗೆ ಯಾವ ಬಟ್ಟೆ, ಎಲ್ಲಿ ಎಷ್ಟು ದಿನ, ಯಾವುದು ಮೊದಲು ಅನ್ನೋದನ್ನ ನೀವೇ ತೀರ್ಮಾನ ಮಾಡಬಹುದು.

ಆಗುಂಬೆ ಗೊತ್ತಿದ್ದರೆ ಜಪಾನ್ ಅರ್ಧ ಗೊತ್ತಾದ ಹಾಗೆ

ಮುಂಗಾರಿನಲ್ಲಿ ಆಗುಂಬೆಯಲ್ಲಿ ಸೂರ್ಯ ಕಾಣಲ್ಲ. ಅದೇ ಹೊತ್ತಿಗೆ ಚಳ್ಳಕೆರೆಯಲ್ಲಿ ಜನ ಮೋಡ ನೋಡ್ತಾ ಕೂತಿರ್ತಾರೆ. ಪುಣೆಯವರಿಗೆ ಇದೇ ಉದಾಹರಣೆ ಮಹಾಬಲೇಶ್ವರ ಮತ್ತು ಬಾರಾಮತಿ. ಸಮುದ್ರದಿಂದ ನೀರು ಹೊತ್ತು ಬಂದ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ ಮಳೆ ಸುರಿಸುತ್ತೆ. ಘಟ್ಟ ದಾಟೋ ಹೊತ್ತಿಗೆ ಒಣಗಿರುತ್ತೆ.

ಜಪಾನ್‌ನಲ್ಲೂ ಇದೇ ಆಗೋದು, ಆದರೆ ಚಳಿಗಾಲದಲ್ಲಿ. ಸೈಬೀರಿಯಾ, ಮಂಗೋಲಿಯಾ ಕಡೆ ನೆಲ ವಿಪರೀತ ತಣ್ಣಗಾಗಿ, ಭಾರವಾದ ಒಣ ಗಾಳಿ ಅಲ್ಲಿ ಗುಡ್ಡೆ ಬಿದ್ದಿರುತ್ತೆ. ಅದು ಆಗ್ನೇಯಕ್ಕೆ ಹರಿಯುವಾಗ ದಾರಿಯಲ್ಲಿ ಜಪಾನ್ ಸಮುದ್ರ ಸಿಗುತ್ತೆ. ಆ ಸಮುದ್ರಕ್ಕೆ ದಕ್ಷಿಣದಿಂದ ತ್ಸುಶಿಮಾ ಅನ್ನೋ ಬೆಚ್ಚಗಿನ ಪ್ರವಾಹ ಬಂದು ಸೇರುತ್ತೆ. ಅದರ ಮೇಲೆ ಹಾಯುವಾಗ ಒಣ ಗಾಳಿ ಸಿಕ್ಕಾಪಟ್ಟೆ ನೀರು ಹೀರಿಕೊಂಡು, ಹೊನ್ಶು ದ್ವೀಪದ ಬೆನ್ನೆಲುಬಿನಂತಿರೋ ಪರ್ವತಗಳಿಗೆ ಬಂದು ತಾಗುತ್ತೆ. ಅಲ್ಲಿ ಅದು ಹಿಮವಾಗಿ ಸುರಿಯುತ್ತೆ.

ಹಾಗಾಗಿ ಚಳಿಗಾಲದ ಜಪಾನ್ ಅಂದ್ರೆ ಎರಡು ಬೇರೆ ಬೇರೆ ದೇಶ ಅಂತಲೇ ಇಟ್ಕೊಳ್ಳಿ. ಪಶ್ಚಿಮಕ್ಕೆ ಜಪಾನ್ ಸಮುದ್ರದ ಕಡೆ ನೀಗಾತಾ, ಕನಾಜಾವಾ, ಆವೊಮೊರಿ. ಇದು ಅವರ ಆಗುಂಬೆ. ಪೂರ್ವಕ್ಕೆ ಪೆಸಿಫಿಕ್ ಕಡೆ ಟೋಕಿಯೊ, ಯೊಕೊಹಾಮಾ. ಇದು ಅವರ ಚಳ್ಳಕೆರೆ. ಟೋಕಿಯೊದಲ್ಲಿ ಜನವರಿ ಅಂದ್ರೆ ನೀಲಿ ಆಕಾಶ, ಹಗಲು 10 ಡಿಗ್ರಿ ಆಸುಪಾಸು, ಬೆಳಗಿನ ಜಾವ 1 ಅಥವಾ 2 ಡಿಗ್ರಿ. ಹಿಮ ಬೀಳೋದು ಅಪರೂಪ. ಫುಜಿ ಪರ್ವತ ವರ್ಷದಲ್ಲೇ ಅತಿ ಸ್ಪಷ್ಟವಾಗಿ ಕಾಣೋದು ಈ ಒಣ ಗಾಳಿಯ ತಿಂಗಳುಗಳಲ್ಲೇ. ದೆಹಲಿ, ನೋಯ್ಡಾದಲ್ಲಿ ಜನವರಿ ಕಳೆದವರಿಗೆ ಟೋಕಿಯೊ ಚಳಿ ದೊಡ್ಡ ವಿಷಯ ಅಲ್ಲ. ಮಂಜು ಮುಸುಕಲ್ಲ, ಹೊಗೆ ಇಲ್ಲ, ಬಿಸಿಲು ಇದೆ. ಆದರೆ ತುಟಿ, ಚರ್ಮ ಒಡೆಯುತ್ತೆ. ಅಪ್ಪನಿಗೆ ಅಲ್ಲಿ ಸ್ವೆಟರಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಕೊಬ್ಬರಿ ಎಣ್ಣೆ.

ಹಿಮ ನೋಡಲು ಬಹಳ ದೂರ ಹೋಗಬೇಕಿಲ್ಲ. ಟೋಕಿಯೊದಿಂದ ಜೋಯೆತ್ಸು ಶಿಂಕಾನ್ಸೆನ್ ಹತ್ತಿದರೆ ಒಂದೂಕಾಲು ಗಂಟೆ ಚಿಲ್ಲರೆಗೆ ಎಚಿಗೊ-ಯುಜಾವಾ. ಮಧ್ಯೆ ಸುಮಾರು 22 ಕಿಲೋಮೀಟರ್ ಉದ್ದದ ಸುರಂಗ ಇದೆ. ಈ ಕಡೆ ಬಿಸಿಲು ಬಿಟ್ಟು ಒಳಗೆ ಹೋದ ರೈಲು, ಆ ಕಡೆ ಹಿಮದಲ್ಲಿ ಹೊರಗೆ ಬರುತ್ತೆ. 1968ರಲ್ಲಿ ನೊಬೆಲ್ ಪಡೆದ ಕವಾಬಾತಾ ಅವರ 'ಯುಕಿಗುನಿ' ಕಾದಂಬರಿ ನಡೆಯೋದು ಇದೇ ಯುಜಾವಾದಲ್ಲಿ. ಆ ಹೆಸರಿನ ಅರ್ಥವೇ ಹಿಮದ ನಾಡು. ಮಗನಿಗೆ ಭೂಗೋಳದ ಪುಸ್ತಕದ ಮಳೆ ನೆರಳಿನ ಪಾಠ ಆ ಒಂದು ಸುರಂಗದಲ್ಲೇ ಮುಗೀತು.

ಹಿಮದ ಜೊತೆ ಬದುಕೋ ಜಾಣತನ

ಸಪ್ಪೊರೊ ಸುಮಾರು 20 ಲಕ್ಷ ಜನ ಇರೋ ನಗರ. ಅಲ್ಲಿ ಒಂದು ಚಳಿಗಾಲಕ್ಕೆ ಬೀಳೋ ಹಿಮ ಒಟ್ಟು ಸೇರಿಸಿದರೆ ಸುಮಾರು 5 ಮೀಟರ್. ಆದರೂ ನಗರ ನಡೆಯುತ್ತೆ. ಒಂದು ಮಳೆಗೆ ಅಂಡರ್‌ಪಾಸ್ ಮುಳುಗಿ ವರ್ಕ್ ಫ್ರಂ ಹೋಮ್ ಘೋಷಿಸೋ ಊರುಗಳಲ್ಲಿ ಇರೋ ನಮಗೆ ಇದು ನೋಡಬೇಕಾದ ವಿಷಯವೇ.

ನೀಗಾತಾ ಪ್ರಾಂತ್ಯದ ನಾಗಾಓಕಾದಲ್ಲಿ ರಸ್ತೆ ಮಧ್ಯೆ ಸಣ್ಣ ಸಣ್ಣ ನಳಿಕೆಗಳ ಸಾಲು ಇದೆ. ಬೋರ್‌ವೆಲ್ ನೀರನ್ನ ಅದರಲ್ಲಿ ಚಿಮ್ಮಿಸ್ತಾರೆ. ನೀರು ಕಾಯಿಸಿದ್ದಲ್ಲ. ನೆಲದಾಳದ ನೀರು ಚಳಿಗಾಲದಲ್ಲೂ ಹೆಪ್ಪುಗಟ್ಟೋ ಮಟ್ಟಕ್ಕಿಂತ ಎಷ್ಟೋ ಬೆಚ್ಚಗಿರುತ್ತೆ, ಬಿದ್ದ ಹಿಮ ಅದಕ್ಕೇ ಕರಗಿ ಹರಿದು ಹೋಗುತ್ತೆ. ಈ ವ್ಯವಸ್ಥೆ ಹುಟ್ಟಿದ್ದೇ ಆ ಊರಲ್ಲಿ. ನೀರಿನಲ್ಲಿ ಕಬ್ಬಿಣದ ಅಂಶ ಇರೋದರಿಂದ ರಸ್ತೆಗಳು ತುಕ್ಕು ಬಣ್ಣಕ್ಕೆ ತಿರುಗಿವೆ.

ಕನಾಜಾವಾದ ಕೆನ್ರೊಕುಯೆನ್ ತೋಟದಲ್ಲಿ ನವೆಂಬರ್ 1ರಿಂದ ಪೈನ್ ಮರಗಳಿಗೆ ಹಗ್ಗ ಕಟ್ಟೋದು ಶುರು. ನಡುವೆ ಎತ್ತರದ ಕಂಬ ನೆಟ್ಟು, ತುದಿಯಿಂದ ಒಂದೊಂದು ಕೊಂಬೆಗೂ ಹಗ್ಗ ಇಳಿಬಿಡ್ತಾರೆ. ಅಲ್ಲಿನ ಹಿಮ ಒದ್ದೆ, ಭಾರ. ಕೊಂಬೆ ಮುರೀಬಾರದು ಅಂತ ಈ ಏರ್ಪಾಡು. ದೂರದಿಂದ ನೋಡಿದರೆ ಬಿಚ್ಚಿದ ಕೊಡೆಯ ಕಡ್ಡಿಗಳ ಹಾಗೆ ಕಾಣುತ್ತೆ. ಶಿರಾಕಾವಾ-ಗೋ ಹಳ್ಳಿಯ ಹುಲ್ಲು ಮಾಡುಗಳು ಅಷ್ಟು ಕಡಿದಾಗಿರೋದೂ ಅದೇ ಭಾರಕ್ಕೆ. 1995ರಲ್ಲಿ ಆ ಹಳ್ಳಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಖರ್ಚಿನ ವಿಷಯ. 7 ದಿನದ ಜೆಆರ್ ಪಾಸ್ 2023ರ ಅಕ್ಟೋಬರ್‌ವರೆಗೆ 29,650 ಯೆನ್ ಇತ್ತು, ಆಮೇಲೆ 50,000 ಆಯ್ತು. ಟೋಕಿಯೊದಿಂದ ಕನಾಜಾವಾಗೆ ಒಂದು ಕಡೆಗೆ ಸುಮಾರು 14,000 ಯೆನ್. ಹಾಗಾಗಿ "ಕಣ್ಣು ಮುಚ್ಚಿ ಪಾಸ್ ತಗೊಳ್ಳಿ" ಅನ್ನೋ ಹಳೇ ಸಲಹೆ ಈಗ ನಡೆಯಲ್ಲ. ಹೊಕುರಿಕು ಶಿಂಕಾನ್ಸೆನ್ 2024ರ ಮಾರ್ಚ್‌ನಿಂದ ತ್ಸುರುಗಾವರೆಗೆ ಹೋಗುತ್ತೆ. ಟೋಕಿಯೊದಿಂದ ಕನಾಜಾವಾ, ಅಲ್ಲಿಂದ ತ್ಸುರುಗಾದಲ್ಲಿ ರೈಲು ಬದಲಿಸಿ ಕ್ಯೋಟೊ, ಓಸಾಕಾ. ಬಿಸಿಲಿನ ಕಡೆಯಿಂದ ಹಿಮದ ಕಡೆಗೆ ಹೋಗಿ ಮತ್ತೆ ಇಳಿಯೋ ಈ ದಾರಿಗೆ ಆರ್ಚ್ ಪಾಸ್ ಅನ್ನೋ ಬೇರೆ ಪಾಸ್ ಇದೆ. ಎರಡರ ಬೆಲೆ, ಬಿಡಿ ಟಿಕೆಟ್ ಬೆಲೆ ಮೂರನ್ನೂ ಒಂದು ಎಕ್ಸೆಲ್ ಶೀಟಿನಲ್ಲಿ ಹಾಕಿ ನೋಡಿ. ಅದೇನು ನಮಗೆ ಹೇಳಿಕೊಡಬೇಕಾ!

ಕ್ಯೋಟೊ ಮತ್ತು ಟೋಕಿಯೊ ನಡುವೆ ಮುಖ್ಯ ತೋಕಾಯ್ದೊ ಮಾರ್ಗದಲ್ಲೇ ಓಡಾಡೋರಿಗೆ ಒಂದು ಎಚ್ಚರಿಕೆ. ಸೆಕಿಗಹಾರಾ ಅನ್ನೋ ಜಾಗದಲ್ಲಿ ಬೆಟ್ಟಗಳ ನಡುವೆ ಸಂದು ಇದೆ. ಹಿಮದ ಗಾಳಿ ಅಲ್ಲಿಂದ ನುಗ್ಗುತ್ತೆ, ರೈಲು ನಿಧಾನ ಮಾಡ್ತಾರೆ. ಆದ್ದರಿಂದ ಶಿಂಕಾನ್ಸೆನ್ ಇಳಿದು ಅದೇ ದಿನ ವಿಮಾನ ಹತ್ತೋ ಪ್ಲಾನ್ ಇದ್ದರೆ ಕೆಲವು ಗಂಟೆ ಕೈಯಲ್ಲಿಟ್ಕೊಳ್ಳಿ.

ವಯಸ್ಸಾದವರ ಜೊತೆ ಹೋಗೋರು ಗಮನಿಸಿ

ಹೊರಗಿನ ಚಳಿಗೆ ನಾವೆಲ್ಲ ತಯಾರಾಗಿ ಹೋಗ್ತೀವಿ. ತೊಂದರೆ ಇರೋದು ಒಳಗೆ. ಹೊಕ್ಕೈದೊ ಬಿಟ್ಟರೆ ಜಪಾನಿನ ಹಳೇ ಮನೆಗಳಲ್ಲಿ, ಸಾಂಪ್ರದಾಯಿಕ ವಸತಿಗೃಹಗಳಲ್ಲಿ ಇಡೀ ಮನೆ ಬೆಚ್ಚಗಿಡೋ ಪದ್ಧತಿ ಕಡಿಮೆ. ಕೂರೋ ಕೋಣೆ ಬೆಚ್ಚಗೆ, ಹಜಾರ ಮತ್ತು ಬಟ್ಟೆ ಬದಲಿಸೋ ಜಾಗ ಕೊರೆತ, ಬಚ್ಚಲಿನ ತೊಟ್ಟಿ ಮಾತ್ರ ಸುಡೋ ಬಿಸಿ. ಚಳಿಯಿಂದ ಒಮ್ಮೆಲೇ ಬಿಸಿನೀರಿಗೆ ಇಳಿದರೆ ರಕ್ತದೊತ್ತಡ ಏರಿಳಿದು ತಲೆ ಸುತ್ತಿ ಬೀಳಬಹುದು, ನೀರಲ್ಲಿ ಮುಳುಗಲೂಬಹುದು. ಜಪಾನಿನವರು ಇದನ್ನ 'ಹೀಟ್ ಶಾಕ್' ಅಂತಾರೆ. ಚಳಿಗಾಲದಲ್ಲಿ ಅಲ್ಲಿನ ಹಿರಿಯರ ಸಾವಿಗೆ ಇದು ಗಂಭೀರ ಕಾರಣಗಳಲ್ಲಿ ಒಂದು. ನೀರು 41 ಡಿಗ್ರಿ ಮೀರಬಾರದು, 10 ನಿಮಿಷಕ್ಕಿಂತ ಹೆಚ್ಚು ಕೂರಬಾರದು ಅಂತ ಅಲ್ಲಿನ ಸರ್ಕಾರವೇ ಜನಕ್ಕೆ ಹೇಳುತ್ತೆ.

ನಮ್ಮಪ್ಪನಿಗೆ ಬಿಸಿನೀರಿನ ಸ್ನಾನ ಅಂದ್ರೆ ಪ್ರಾಣ. ಓನ್ಸೆನ್ ಅಂದಾಗ ಕಣ್ಣರಳಿಸಿದ್ರು. ಹೊರಡೋ ಮುಂಚೆ ಡಾಕ್ಟರ್ ಹತ್ತಿರ ಕೇಳಿಕೊಂಡೇ ಹೋಗಿದ್ವಿ. ಅವರು ಹೇಳಿದ್ದು ಇಷ್ಟು: ಊಟ ಆದ ತಕ್ಷಣ ಬೇಡ, ಮೊದಲು ಕಾಲಿಗೆ ಕೈಗೆ ನೀರು ಹಾಕಿಕೊಳ್ಳಲಿ, ಕುತ್ತಿಗೆವರೆಗೆ ಮುಳುಗೋದು ಬೇಡ, ಏಳುವಾಗ ನಿಧಾನ, ಒಬ್ಬರು ಜೊತೆಗಿರಲಿ. ನಮ್ಮನೆಯವರು ಪ್ರತಿ ಸಲ ಜೊತೆಗೇ ಹೋದ್ರು. ನಿಮ್ಮ ಮನೆ ಹಿರಿಯರಿಗೆ ಎಷ್ಟು ಸರಿ ಅನ್ನೋದನ್ನ ನಿಮ್ಮ ಡಾಕ್ಟರ್ ಹೇಳಲಿ.

ಇನ್ನೊಂದು ಸುಲಭ ವಸ್ತು ಕಾಯ್ರೊ. ಯಾವ ಅಂಗಡಿಯಲ್ಲೂ ಸಿಗೋ ಪುಟ್ಟ ಚೀಲ. ಒಳಗೆ ಕಬ್ಬಿಣದ ಪುಡಿ, ಗಾಳಿ ತಾಗಿದರೆ ತುಕ್ಕು ಹಿಡಿಯುತ್ತಾ ಗಂಟೆಗಟ್ಟಲೆ ಬಿಸಿ ಬಿಡುತ್ತೆ. ಬನಿಯನ್ ಮೇಲೆ ಅಂಟಿಸಿ. ಚರ್ಮಕ್ಕೆ ನೇರ ಅಂಟಿಸಬೇಡಿ, ಸುಡುತ್ತೆ.

ಊಟ. ಸಸ್ಯಾಹಾರಿಗಳಿಗೆ ಜಪಾನ್ ಕಷ್ಟ, ಕಾರಣ ದಾಶಿ. ನಮ್ಮಲ್ಲಿ ಒಗ್ಗರಣೆ ಇದ್ದ ಹಾಗೆ ಅವರ ಅಡುಗೆಯ ತಳಹದಿ ಅದು, ಬಹಳ ಸಲ ಅದರಲ್ಲಿ ಒಣಮೀನಿನ ಸಾರ ಇರುತ್ತೆ. ಬರೀ ತರಕಾರಿ ಕಾಣೋ ಸೂಪಿನಲ್ಲೂ ಇರುತ್ತೆ. 'ಮಾಂಸ ಇಲ್ಲ' ಅಂದ್ರೆ ಸಾಲದು, 'ದಾಶಿ ಬೇಡ' ಅಂತಲೂ ಬರೆದ ಚೀಟಿ ಫೋನಿನಲ್ಲಿರಲಿ. ಬೌದ್ಧ ಮಠಗಳ ಶೋಜಿನ್ ರ್ಯೋರಿ ಊಟದಲ್ಲಿ ಮೀನು ಮಾಂಸ ಇರಲ್ಲ, ಕ್ಯೋಟೊದಲ್ಲಿ ಒಂದು ಹೊತ್ತು ಅದನ್ನ ಇಟ್ಕೊಳ್ಳಿ. ಉಳಿದಂತೆ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ರೆಡಿ ಮಿಕ್ಸ್ ಕೈ ಬಿಡಲ್ಲ.

ಕ್ಯಾಲೆಂಡರ್ ತಿಳಿದು ಟಿಕೆಟ್ ಬುಕ್ ಮಾಡಿ

ಜಪಾನ್ ಮೊದಲೋ, ತೈವಾನ್ ಮೊದಲೋ? ಜಪಾನ್ 1873ರಲ್ಲೇ ಪಾಶ್ಚಾತ್ಯ ಕ್ಯಾಲೆಂಡರಿಗೆ ಬದಲಾಯ್ತು, ಅವರ ದೊಡ್ಡ ಹಬ್ಬ ಜನವರಿ 1. ಡಿಸೆಂಬರ್ 29ರಿಂದ ಜನವರಿ 3ರವರೆಗೆ ಸರ್ಕಾರಿ ಕಚೇರಿ, ಬಹಳಷ್ಟು ಮ್ಯೂಸಿಯಂ, ಸಣ್ಣ ಹೋಟೆಲು ಬಂದ್. ಇಡೀ ದೇಶ ಊರಿಗೆ ಹೊರಟಿರುತ್ತೆ, ರೈಲಿನ ಸೀಟಿಗೆ ನಮ್ಮ ದೀಪಾವಳಿ ರಶ್. ಆ ದಿನಗಳಲ್ಲಿ ನೊಜೊಮಿ ರೈಲುಗಳಲ್ಲಿ ರಿಸರ್ವೇಶನ್ ಇಲ್ಲದ ಬೋಗಿಯೇ ಇರಲ್ಲ. ತೈವಾನ್‌ನಲ್ಲಿ ದೊಡ್ಡ ಹಬ್ಬ ಚಾಂದ್ರಮಾನ ಹೊಸ ವರ್ಷ, ಜನವರಿ ಕೊನೆ ಅಥವಾ ಫೆಬ್ರವರಿಗೆ ಬರುತ್ತೆ. ಜನವರಿ 1 ಅಲ್ಲಿ ಒಂದು ದಿನದ ರಜೆ ಅಷ್ಟೆ, ಅಂಗಡಿ ಹೋಟೆಲು ಎಲ್ಲ ತೆರೆದಿರುತ್ತೆ.

ಹಾಗಾಗಿ ಜಪಾನನ್ನ ಡಿಸೆಂಬರ್ 28ರೊಳಗೆ ಮುಗಿಸಿ, ಓಸಾಕಾದಿಂದ ಮೂರು ಗಂಟೆಯ ವಿಮಾನದಲ್ಲಿ ತೈವಾನ್‌ನ ತಾವೊಯುವಾನ್‌ಗೆ ಹೋಗಿ, ವಾಪಸು ಅಲ್ಲಿಂದಲೇ ಭಾರತಕ್ಕೆ ಅಂತ ಟಿಕೆಟ್ ಮಾಡಿದ್ವಿ. ಜಪಾನ್ ವೀಸಾ ಸಿಂಗಲ್ ಎಂಟ್ರಿ ಆಗಿದ್ರೆ ಮಧ್ಯೆ ತೈವಾನ್‌ಗೆ ಹೋಗಿ ಮತ್ತೆ ಜಪಾನ್‌ಗೆ ಬರೋಕಾಗಲ್ಲ, ಅದಕ್ಕೂ ಈ ಕ್ರಮವೇ ಸರಿ.

ಅದೇ ಗಾಳಿ, ತೈವಾನ್‌ನಲ್ಲಿ

ಕರ್ಕಾಟಕ ಸಂಕ್ರಾಂತಿ ವೃತ್ತ ತೈವಾನ್ ಮೇಲೇ ಹಾದು ಹೋಗುತ್ತೆ. ಭೋಪಾಲ್, ರಾಂಚಿ ಅಕ್ಷಾಂಶ ಅಂದ್ಕೊಳ್ಳಿ. ಹಾಗಾದ್ರೆ ಚಳಿ ಯಾಕೆ? ನಮಗೆ ಹಿಮಾಲಯ ಅಡ್ಡ ಇದೆ, ಸೈಬೀರಿಯಾದ ಗಾಳಿ ನೇರ ಬರಲ್ಲ. ತೈವಾನ್‌ಗೆ ಅಂಥ ಗೋಡೆ ಇಲ್ಲ. ಅದೇ ಗಾಳಿ ಪೂರ್ವ ಚೀನಾ ಸಮುದ್ರದ ಮೇಲೆ ಹಾಯ್ದು ಈಶಾನ್ಯದಿಂದ ಬಂದು ದ್ವೀಪದ ಮೂಲೆಗೆ ಹೊಡೆಯುತ್ತೆ. ಕೀಲುಂಗ್ ಬಂದರಿಗೆ 'ಮಳೆ ಬಂದರು' ಅಂತಲೇ ಅಡ್ಡಹೆಸರು. ತೈಪೆಯಲ್ಲಿ ದಿನಗಟ್ಟಲೆ ಜಿಟಿಜಿಟಿ. ನಡುವಿನ ಪರ್ವತಸಾಲು ದಾಟಿ ದಕ್ಷಿಣದ ಕಾಓಶ್ಯುಂಗ್‌ಗೆ ಹೋದರೆ ಒಣ ಹವೆ, ಬಿಸಿಲು. ಮತ್ತೆ ಅದೇ ಆಗುಂಬೆ, ಚಳ್ಳಕೆರೆ. 2007ರಲ್ಲಿ ಶುರುವಾದ ಹೈಸ್ಪೀಡ್ ರೈಲಿನಲ್ಲಿ ತೈಪೆಯಿಂದ ಆ ಕಡೆಗೆ ಎರಡು ಗಂಟೆಯೊಳಗೆ ತಲುಪಬಹುದು. ಮಳೆಗೆ ಬೇಜಾರಾದ್ರೆ ರೈಲು ಹತ್ತಿ, ಅಷ್ಟೆ.

ತಂಗಿ ಇರೋ ಶಿನ್‌ಚುಗೆ 'ಗಾಳಿ ಊರು' ಅಂತ ಹೆಸರು. ಒಂದು ಕಡೆ ಚೀನಾದ ಬೆಟ್ಟ, ಇನ್ನೊಂದು ಕಡೆ ತೈವಾನ್ ಬೆಟ್ಟ, ನಡುವೆ ಜಲಸಂಧಿ. ಲಾಳಿಕೆಯಲ್ಲಿ ಹಾಯೋ ಹಾಗೆ ಗಾಳಿ ಅಲ್ಲಿ ಬಿರುಸಾಗುತ್ತೆ. ನಮಗೆ ಆ ಊರು ಗೊತ್ತಿರೋದು 1980ರಲ್ಲಿ ಶುರುವಾದ ಸೈನ್ಸ್ ಪಾರ್ಕ್‌ನಿಂದ, 1987ರಲ್ಲಿ ಹುಟ್ಟಿದ ಟಿಎಸ್‌ಎಂಸಿಯಿಂದ. ಆದರೆ ತೈವಾನ್‌ನ ಜನರನ್ನ ಕೇಳಿದರೆ ಅವರು ಹೇಳೋದು ಮೀಫೆನ್, ಅಂದ್ರೆ ಅಕ್ಕಿ ಶಾವಿಗೆ. ಬಿದಿರಿನ ತಟ್ಟೆಗಳ ಮೇಲೆ ಹರಡಿ ಆ ಗಾಳಿಗೇ ಒಣಗಿಸ್ತಾರೆ. ಅಮ್ಮ ಅದನ್ನ ತಂದು ನಿಂಬೆಹಣ್ಣು, ಒಗ್ಗರಣೆ ಹಾಕಿ ಚಿತ್ರಾನ್ನದ ಥರ ಮಾಡಿಟ್ಟಿದ್ರು. ಗೊತ್ತಿಲ್ಲದವರಿಗೆ ನಮ್ಮೂರ ಒತ್ತು ಶಾವಿಗೆನೇ.

ಈಗ ಮೂರನೇ ಥರದ ಚಳಿ. ಥರ್ಮಾಮೀಟರ್ ನೋಡಿದರೆ 12, 13 ಡಿಗ್ರಿ. ಟೋಕಿಯೊದಿಂದ ಬಂದವರಿಗೆ ಏನೂ ಅಲ್ಲ ಅನ್ನಿಸಬೇಕು. ಆದರೆ ಗಾಳಿ ಒದ್ದೆ, ಮನೆಯಲ್ಲಿ ಹೀಟರ್ ಇಲ್ಲ, ನೆಲ ಟೈಲ್ಸು, ಬಟ್ಟೆ ಒಣಗಲ್ಲ. ಒಳಗೂ ಹೊರಗೂ ಒಂದೇ ಚಳಿ. ಉಷ್ಣಾಂಶ 10 ಡಿಗ್ರಿ ಅಥವಾ ಕೆಳಗೆ ಇಳಿಯುತ್ತೆ ಅಂದ್ರೆ ಅಲ್ಲಿನ ಹವಾಮಾನ ಇಲಾಖೆ ಎಚ್ಚರಿಕೆ ಕೊಡುತ್ತೆ. ಹಾಗಾಗಿ ಹಿಮಕ್ಕೆ ಅಂತ ತಗೊಂಡ ದಪ್ಪ ಜಾಕೆಟ್ಟನ್ನ ಜಪಾನ್‌ನಲ್ಲೇ ಮಡಚಿಡಬೇಡಿ. ಮನೆಯೊಳಗೆ ಹಾಕೋ ಕಾಲುಚೀಲ, ಚಪ್ಪಲಿ, ಒಂದು ಶಾಲು ಇರಲಿ.

ಈ ಚಳಿಯಲ್ಲಿ ಬಾಣಂತನ ಅಂದ್ರೆ ಅಮ್ಮನಿಗೆ ಎರಡು ತಿಂಗಳ ಯುದ್ಧ. "ಬಾಣಂತಿಗೆ ಗಾಳಿ ತಾಗಬಾರದು" ಅನ್ನೋರು ಹೋಗಿದ್ದು ಗಾಳಿ ಊರಿಗೇ! ಆದರೆ ತೈವಾನ್‌ನಲ್ಲೂ ಬಾಣಂತನ ಇದೆ. 'ತಿಂಗಳು ಕೂರೋದು' ಅಂತ ಅದರ ಹೆಸರು. ಗಾಳಿ ಬೇಡ, ತಣ್ಣೀರು ಬೇಡ, ಎಳ್ಳೆಣ್ಣೆ, ಶುಂಠಿ ಹಾಕಿದ ಊಟ. ಬಾಣಂತಿ, ಮಗು ಇಬ್ಬರನ್ನೂ ನೋಡಿಕೊಳ್ಳೋಕೆ ಬೇರೆ ಕೇಂದ್ರಗಳೇ ಇವೆ. ಪಕ್ಕದ ಮನೆಯ ಅಜ್ಜಿ ತಂಗಿಯ ಕಿವಿಯ ಹತ್ತಿ, ತಲೆಗೆ ಕಟ್ಟಿದ ಬಟ್ಟೆ ನೋಡಿ ಸಮಾಧಾನದಿಂದ ತಲೆಯಾಡಿಸಿದರಂತೆ. ಒಂದೇ ಜಗಳ ತಲೆ ಸ್ನಾನದ್ದು. ಅವರ ಹಳೇ ಪದ್ಧತಿಯಲ್ಲಿ ತಿಂಗಳಿಡೀ ತಲೆ ತೊಳೆಯೋ ಹಾಗಿಲ್ಲ, ನಮ್ಮಲ್ಲಿ ಎಣ್ಣೆ ಹಚ್ಚಿ ಹಂಡೆ ನೀರು ಸುರಿಯದಿದ್ರೆ ಬಾಣಂತನವೇ ಅಲ್ಲ.

ಇಲ್ಲೇ ಒಂದು ಪ್ರಾಣದ ವಿಷಯ ಇದೆ. ಸ್ನಾನ ಆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡೋದು ನಮ್ಮ ರೂಢಿ. ಚಳಿಗೆ ಕಿಟಕಿ ಬಾಗಿಲು ಮುಚ್ಚಿದ ಫ್ಲಾಟಿನಲ್ಲಿ ಇದ್ದಿಲು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆ ಬಂದ ಹಾಗಾಗಿ ಜೀವ ಹೋಗುತ್ತೆ. ತೈವಾನ್‌ನಲ್ಲಿ ಗ್ಯಾಸ್ ಗೀಸರುಗಳನ್ನ ಬಾಲ್ಕನಿಯಲ್ಲಿ ಇಡ್ತಾರೆ. ಚಳಿಗೆ ಆ ಬಾಲ್ಕನಿ ಮುಚ್ಚಿದಾಗ ಇದೇ ಅನಾಹುತ ಆಗುತ್ತೆ, ಅಗ್ನಿಶಾಮಕದವರು ಪ್ರತಿ ಚಳಿಗಾಲ ಎಚ್ಚರಿಸ್ತಾರೆ. ತಂಗಿ ಮೊದಲ ದಿನವೇ ಅಮ್ಮನಿಗೆ ಇದನ್ನ ಬಿಡಿಸಿ ಹೇಳಿದ್ದಳು. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಇಸ್ತ್ರಿಪೆಟ್ಟಿಗೆಯಲ್ಲಿ ಬಟ್ಟೆ ಬಿಸಿ ಮಾಡಿ, ಆರಿಸಿ ನೋಡಿ, ಮಗು ಸುತ್ತೋದು ಕಲಿತರು. ದೆಹಲಿ, ನೋಯ್ಡಾದಲ್ಲಿ ಅಂಗೀಠಿ ಹಚ್ಚೋರು, ಗ್ಯಾಸ್ ಗೀಸರ್ ಇಟ್ಕೊಂಡಿರೋರು ಕೂಡ ಇದನ್ನ ಮರೀಬೇಡಿ.

ಊಟಕ್ಕೆ ತೈವಾನ್ ನಮ್ಮವರಿಗೆ ಸ್ವರ್ಗ. ಬೌದ್ಧ ಸಂಪ್ರದಾಯದಿಂದಾಗಿ ಸಸ್ಯಾಹಾರಿ ಹೋಟೆಲು ಬೀದಿಗೊಂದು. ಪ್ಯಾಕೆಟ್ ತಿಂಡಿಯ ಮೇಲೆ ಸಸ್ಯಾಹಾರವನ್ನ ಐದು ಬಗೆಯಾಗಿ ಗುರುತು ಮಾಡ್ತಾರೆ. ಹಾಲು ಇದೆಯಾ, ಮೊಟ್ಟೆ ಇದೆಯಾ, ಈರುಳ್ಳಿ ಬೆಳ್ಳುಳ್ಳಿ ಜಾತಿಯದ್ದು ಇದೆಯಾ ಅಂತ ಅದರಲ್ಲೇ ತಿಳಿಯುತ್ತೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ನಮ್ಮಮ್ಮನಿಗೆ ಇಷ್ಟು ಸ್ಪಷ್ಟ ಲೇಬಲ್ ಪುಣೆಯಲ್ಲೂ ಸಿಕ್ಕಿರಲಿಲ್ಲ.

ಕೊನೆಯದಾಗಿ ದಿನಗಳ ಲೆಕ್ಕ. ಬಹಳ ಜನ ಹತ್ತು ದಿನ ಜಪಾನ್‌ಗೆ ಇಟ್ಟು, ತೈವಾನ್‌ನಲ್ಲಿರೋ ಅಣ್ಣನ ಮನೆಗೋ ತಂಗಿ ಮನೆಗೋ "ಹಾಗೇ ಹೋಗಿ ಬರೋಣ" ಅಂತ ಒಂದೂವರೆ ದಿನ ಇಡ್ತಾರೆ. ನಾವು ಎಂಟು ದಿನ ಜಪಾನ್‌ಗೆ, ಆರು ದಿನ ಶಿನ್‌ಚುಗೆ ಇಟ್ವಿ. ಆ ಆರರಲ್ಲಿ ಸುತ್ತಾಟಕ್ಕೆ ಹೋದದ್ದು ಎರಡೇ ದಿನ. ಉಳಿದ ನಾಲ್ಕು ದಿನ ಮಳೆ, ಗಾಳಿ, ಮನೆಯೊಳಗೆ ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತಿದ್ವಿ. ಅಪ್ಪ ಕಾಲು ಚಾಚಿ, ಅದರ ಮೇಲೆ ಮೊಮ್ಮಗೂನ ಮಲಗಿಸಿಕೊಂಡು ಗಂಟೆಗಟ್ಟಲೆ ತೂಗ್ತಾ ಇದ್ರು. ತಂಗಿ ಎರಡು ತಿಂಗಳಲ್ಲಿ ಮೊದಲ ಸಲ ಹಗಲು ಮೂರು ಗಂಟೆ ಒಂದೇ ಸಮ ನಿದ್ದೆ ಮಾಡಿದಳು. ಪರದೇಶದಲ್ಲಿ ಚಿಕ್ಕ ಮಗು ಇಟ್ಕೊಂಡು ಇಬ್ಬರೂ ದುಡಿಯೋರಿಗೆ ನಾವು ಕೊಡಬಹುದಾದ ದೊಡ್ಡ ಉಡುಗೊರೆ ಅದೇ. ಅದಕ್ಕೆ ಒಂದೂವರೆ ದಿನ ಸಾಲಲ್ಲ. ಪ್ಲಾನ್ ಮಾಡುವಾಗ ಮನೆಯವರ ದಿನಗಳನ್ನ ಮೊದಲು ಬರೆದಿಡಿ, ಉಳಿದದ್ದನ್ನ ಹಿಮಕ್ಕೂ ಬಿಸಿಲಿಗೂ ಹಂಚಿ.

ಇವತ್ತಿಗೆ ಇಷ್ಟು. ವೀಸಾ ನಿಯಮ, ಪಾಸ್ ದರ ಬದಲಾಗ್ತಾ ಇರುತ್ತೆ, ಬುಕ್ ಮಾಡೋ ಮುಂಚೆ ಅಧಿಕೃತ ಜಾಗದಲ್ಲಿ ಒಮ್ಮೆ ನೋಡಿಕೊಳ್ಳಿ. ಹೋಗಿ ಬನ್ನಿ, ಬೆಚ್ಚಗಿರಿ.